ಟ್ರೇಲರ್ ಮೇಲಿನಿಂದ ಕಂಡ ಕುಸ್ತಿ

ನಮ್ಮ ಕಡೆ ನನ್ನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಸತ್ಕಾರ ಸಮಾರಂಭಗಳಲ್ಲಿ ಅದು ಹೀಗೆ ಬರುತ್ತದೆ: ರಬಕವಿಯ ಒಬ್ಬ ಗುಮಾಸ್ತರ ಮಗಳು, ಸರಸ್ವತಿ ಒಲಿದ ಕಂಠ, ಹೈಸ್ಕೂಲಿನ ಡ್ರಿಲ್ ಮಾಸ್ತರರ ಕಣ್ಣಿಗೆ ಬಿದ್ದಳು. ಹಿರಿಯರು ದೊಡ್ಡ ಮನಸ್ಸು ಮಾಡಿ ಗಂಡಸರ ಆಟದ ಮೈಕನ್ನು ಅವಳ ಕೈಗೆ ಕೊಟ್ಟರು. ಮುಧೋಳದ ಕುಸ್ತಿ ಮೈದಾನದಲ್ಲಿ ಹುಡುಗಾಟಿಕೆಯಿಂದ ಒಂದು ಸಣ್ಣ ತಪ್ಪು ಮಾಡಿದಳು, ಹಿರಿಯರು ಹೊಟ್ಟೆಗೆ ಹಾಕಿಕೊಂಡರು. ಇವತ್ತು ರೇಡಿಯೋದಲ್ಲಿ ಕಬಡ್ಡಿಯ ವೀಕ್ಷಕ ವಿವರಣೆ ಕೊಡುವ ಹೆಣ್ಣುದನಿ ನಮ್ಮ ನೆಲದ್ದು. ಚಪ್ಪಾಳೆ, ಹಾರ, ಶಾಲು.

ಕೇಳಲು ಹಿತವಾಗಿದೆ. ಇದರಲ್ಲಿ ನಿಜವೆಂದರೆ ನಾನು ರಬಕವಿಯವಳು, ಅಪ್ಪ ಗುಮಾಸ್ತರು, ಇಷ್ಟೇ.

ಜಮಖಂಡಿಯ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದೆ. ಎದುರಿನವರ ವಾದವನ್ನು ಮೊದಲು ಅವರಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು, ಆಮೇಲೆ ಅದರ ಒಂದೊಂದೇ ಕೀಲು ಸಡಿಲಿಸಬೇಕು ಎಂಬುದು ಅಲ್ಲಿ ಕಲಿತ ಪದ್ಧತಿ. ಮೇಲೆ ಅವರ ವಾದ ಹೇಳಿಯಾಯಿತು. ಈಗ ಕೀಲು.

ಮೊದಲು ಕಂಠ. ನಮ್ಮ ಮನೆಯ ಗೋಡೆಗೆ ಹೊಂದಿಕೊಂಡೇ ಪಕ್ಕದವರ ಪವರ್‌ಲೂಮ್‌ಗಳಿದ್ದವು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಖಟಖಟ. ಅವ್ವ ಒಳಗಿನಿಂದ ನೀರು ಕೇಳಬೇಕೆಂದರೆ ಆ ಸದ್ದಿನ ಮೇಲೆ ಹತ್ತಿ ಕೇಳಬೇಕು. ಬರೀ ಕೂಗಿದರೆ ಸಾಲದು, ಅಕ್ಷರ ಅಕ್ಷರ ಬಿಡಿಸಿ ಕೂಗಬೇಕು. ಕರೆಂಟು ಹೋದಾಗ ಊರೆಲ್ಲ ತಟ್ಟನೆ ಸುಮ್ಮನಾಗಿ, ನಮ್ಮ ಮನೆಯ ಜಗಳವೊಂದೇ ಇಡೀ ಓಣಿಗೆ ಕೇಳುತ್ತಿತ್ತು. ಹೀಗೆ ಬಂದ ದನಿ ಇದು. ಸರಸ್ವತಿಗೂ ಪಾಲು ಕೊಡಲು ನನ್ನ ಅಭ್ಯಂತರವಿಲ್ಲ, ಆದರೆ ಮಗ್ಗದ ಮಾಲೀಕರಿಗೆ ಕೊಟ್ಟು ಉಳಿದರೆ.

ಎರಡನೆಯದು ಮಾಸ್ತರರ ಕಣ್ಣು. ನಾನು ಅವರ ಕಣ್ಣಿಗೆ ಬಿದ್ದದ್ದು ಪ್ರತಿಭೆಯಿಂದಲ್ಲ. ಹೈಸ್ಕೂಲಿನ ಕ್ರೀಡಾಕೂಟದ ದಿನ ಅವರ ಗಂಟಲು ಕಟ್ಟಿತ್ತು, ನಾನು ಕಾಲು ಉಳುಕಿಸಿಕೊಂಡು ಮೈಕಿನ ಪಕ್ಕದ ನೆರಳಲ್ಲಿ ಕುಳಿತಿದ್ದೆ. ಮೈಕು ನನ್ನ ಮಡಿಲಿಗೆ ಹಾಕಿ, "ಓಡೋರ ಹೆಸರ ಹೇಳ ಬೇ, ಸುಮ್ನ ಕುಂತೀದಿ" ಅಂದರು. ನಾನು ಹೆಸರಷ್ಟೇ ಹೇಳಲಿಲ್ಲ. ಯಾರ ಚಡ್ಡಿ ಜಾರುತ್ತಿದೆ, ಯಾರು ತಿರುವಿನಲ್ಲಿ ಪಕ್ಕದವನ ಅಂಗಿ ಹಿಡಿದು ಎಳೆದರು ಎಂಬುದನ್ನೂ ಹೇಳಿದೆ. ಜನ ನಕ್ಕರು. ಮಾಸ್ತರರೂ ನಕ್ಕರು. ನನ್ನ ವೃತ್ತಿಯ ಆರಂಭ ಅಷ್ಟೇ.

ಆದರೆ ಅಲ್ಲಿಂದ ಮುಂದೆ ಅವರು ನಿಜವಾಗಿ ಕಲಿಸಿದರು, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಕಾಲೇಜಿಗೆ ಸೇರಿದ ಮೇಲೂ ಶನಿವಾರ ಶಾಲೆ ಮುಗಿಸಿ ಜಮಖಂಡಿಯ ಬಸ್ ನಿಲ್ದಾಣಕ್ಕೆ ಬರುತ್ತಿದ್ದರು. ಕಲ್ಲಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತು, "ಹೂಂ, ಚಾಲೂ ಮಾಡು, ನನಗ ಏನೂ ಕಾಣವಲ್ದು" ಅನ್ನುವರು. ಯಾವ ಬಸ್ಸು ಬಂತು, ಯಾರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು, ಕಂಡಕ್ಟರನ ಜೊತೆ ಯಾರದು ವಾದ, ಎಲ್ಲವನ್ನೂ ನಾನು ಉಸಿರು ಬಿಡದೆ ಹೇಳುತ್ತ ಹೋಗಬೇಕು. ನಡುವೆ ಕಣ್ಣು ಮುಚ್ಚಿಕೊಂಡೇ ಕೇಳುವರು: "ಆ ಮುದುಕಿ ಹತ್ತಿದಳೋ ಇಲ್ಲೋ?" ಹೇಳಲು ಮರೆತಿದ್ದರೆ ಬೈಗುಳ. ಸಾಮಾನು ಹೇರುವ ಹಮಾಲರು ನಮ್ಮ ಸುತ್ತ ನಿಂತು ಕೇಳುತ್ತಿದ್ದರು. ಒಬ್ಬ, "ಸರ್‍ಗ ಕಣ್ಣ ಹ್ವಾದೂವೇನ್ರೀ ಯವ್ವಾ ಪಾಪ" ಎಂದು ಮರುಗಿದ್ದೂ ಇದೆ. ಆ ಶನಿವಾರಗಳು ನನಗೆ ಇವತ್ತಿಗೂ ಇಷ್ಟ. ಅಸಹ್ಯ ಶುರುವಾದದ್ದು ಆಮೇಲೆ.

ಬೀಳಗಿಯಲ್ಲಿ, ಗಲಗಲಿಯಲ್ಲಿ, ಬನಹಟ್ಟಿಯಲ್ಲಿ ಕಬಡ್ಡಿ ಪಂದ್ಯಗಳಿಗೆ ಮಾಸ್ತರರ ಜೊತೆ ಹೋಗತೊಡಗಿದೆ. ಮೈಕಿನ ಬಾಯಿಗೆ ಕಟ್ಟಿದ ಕೆಂಪು ಬಟ್ಟೆ ನನಗೆ ಮೊದಲ ವೈರಿ. ನನಗಿಂತ ಮುಂಚೆ ಅದರಲ್ಲಿ ಮಾತಾಡಿದ ಪುಢಾರಿಗಳ ತಂಬಾಕಿನ ಉಗುಳೆಲ್ಲ ಅದರಲ್ಲಿ ಒಣಗಿ, ಮತ್ತೆ ನನ್ನ ಉಸಿರಿಗೆ ಹಸಿಯಾಗಿ ನಾರುತ್ತಿತ್ತು. ಕರವಸ್ತ್ರ ಸುತ್ತಿದರೆ, "ಏನ್ ಮಡಿ ಅದ್ಯಾಳೋ ಮಾರಾಯಾ" ಎಂದು ನಗು. ಮುಂದಿನ ಸಾಲಿನಿಂದ ಒಬ್ಬ ಕೂಗುವನು, "ಅಕ್ಕಾರ, ಒಂದ್ ಹಾಡ ಹೇಳ್ರಿ!" ಮೈಕಿನಲ್ಲೇ ಉತ್ತರ ಕೊಡುತ್ತಿದ್ದೆ: "ಹೇಳತೇನಿ ತಮ್ಮಾ, ನೀ ಮೊದಲ ರೇಡ್ ಮಾಡಿ ಹೊಳ್ಳಿ ಬಾ." ಅವನ ಗೆಳೆಯರೇ ಅವನನ್ನು ಅಂಕಣಕ್ಕೆ ನೂಕುವರು. ಇಂಥ ಉತ್ತರಗಳಿಗೆ ಜನ ಸೇರುತ್ತಿದ್ದರು. ಆಟಕ್ಕೋ, ನನ್ನ ಬಾಯಿಗೋ, ಕೇಳಲು ಹೋಗಲಿಲ್ಲ.

ಚಿಕ್ಕಪಡಸಲಗಿಯಲ್ಲಿ ರೈತರೇ ಸೇರಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಮರುವರ್ಷ. ನಾನು ಆಗ ಡಿಗ್ರಿ ಮುಗಿಸಿದ್ದೆ. ರೇಡಿಯೋ ಕೇಂದ್ರದ ಒಬ್ಬ ಅಧಿಕಾರಿ ಬೀಳಗಿಯ ಪಂದ್ಯದಲ್ಲಿ ನನ್ನ ವಿವರಣೆ ಕೇಳಿ ಧ್ವನಿಪರೀಕ್ಷೆಗೆ ಕರೆಸಿಕೊಂಡರು. ಮಹಿಳೆಯರ ಕಾರ್ಯಕ್ರಮದಲ್ಲಿ ನಡುನಡುವೆ ಮಾತಾಡಲು ಅವಕಾಶ ಕೊಟ್ಟರು. ಉಪ್ಪಿನಕಾಯಿ, ಕಸೂತಿ, ಬಾಣಂತಿ ಆರೈಕೆ. ನಾನು ಕೇಳಿದ್ದು ಆಟ. ಕೊನೆಗೆ ಅವರು ಒಂದು ಟೇಪ್ ಯಂತ್ರ ನನ್ನ ಹೆಸರಿಗೆ ಕೊಟ್ಟು ಹೇಳಿದರು: "ಮುಧೋಳದಲ್ಲಿ ದೊಡ್ಡ ಕುಸ್ತಿ ಮೈದಾನ ಇದೆಯಂತೆ. ಪೂರ್ತಿ ವಿವರಣೆ ರೆಕಾರ್ಡ್ ಮಾಡಿಕೊಂಡು ಬನ್ನಿ. ಚೆನ್ನಾಗಿದ್ದರೆ ಕ್ರೀಡಾ ವಿಭಾಗ. ಇಲ್ಲದಿದ್ದರೆ ಇದ್ದಲ್ಲೇ ಇರಿ." ನಾನು ಯಾವ ಕಡೆಯವಳು, ಉಪ್ಪಿನಕಾಯಿಯೋ ಅಖಾಡವೋ ಎಂಬುದು ಆ ಒಂದು ಟೇಪಿನ ಮೇಲೆ ನಿಂತಿತ್ತು.

ಈಗ ಮೂರನೆಯ ಕೀಲು, ಹಿರಿಯರ ದೊಡ್ಡ ಮನಸ್ಸು. ಆ ಮೈದಾನ ಏರ್ಪಡಿಸಿದವರು ಹತ್ತಿ ವ್ಯಾಪಾರದ ಒಬ್ಬ ಸಾವುಕಾರರು. ತಮ್ಮ ಹೊಸ ಜಿನ್ನಿಂಗ್ ಮಿಲ್ಲು ಶುರುವಾದ ಸಂತೋಷಕ್ಕೆ, ಮಿಲ್ಲಿನ ಹಿಂದಿನ ಬಯಲಿನಲ್ಲಿ ಕುಸ್ತಿ. ಅವರದೇ ಒಬ್ಬ ಪೈಲ್ವಾನನಿದ್ದ. ಹಾಲು, ತುಪ್ಪ, ಬಾದಾಮಿ ಎಲ್ಲ ಸಾವುಕಾರರ ಮನೆಯಿಂದ. ಅವನ ಕುಸ್ತಿಯೇ ಕೊನೆಯ ಕುಸ್ತಿ. ನಾನು ಮಾಸ್ತರರ ಜೊತೆ ಅನುಮತಿ ಕೇಳಲು ಹೋದಾಗ ಸಾವುಕಾರರು ಅಡಿಕೆ ಕತ್ತರಿಸುತ್ತ ಕುಳಿತಿದ್ದರು. ಮೊದಲ ಮಾತಿಗೇ ಆಗದು ಎಂದರು. ರೇಡಿಯೋದಲ್ಲಿ ಬರುತ್ತದೆ, ಯಂತ್ರ ನನ್ನ ಹೆಸರಿಗೇ ಕೊಟ್ಟಿದ್ದಾರೆ ಎಂದ ಮೇಲೆ ಅಡಕತ್ತರಿ ನಿಂತಿತು.

"ಮಿಲ್ಲಿನ ಹೆಸರ ಹೇಳತಾರೇನು?"

"ಎಲ್ಲಿ ನಡೀತಂತ ಹೇಳೂದ ಬರತೈತಲ್ರಿ" ಎಂದರು ಮಾಸ್ತರರು.

ದೊಡ್ಡ ಮನಸ್ಸು ಹುಟ್ಟಿದ ಗಳಿಗೆ ಅದು. ಅದೂ ಒಂದು ಷರತ್ತಿನ ಮೇಲೆ. "ಹೆಣ್ಣಮಕ್ಕಳು ಕಣದಾಗ ಕಾಲಿಡಬಾರದು ತಂಗಿ. ಮಣ್ಣು ಕೆಡತೈತಿ. ಪೈಲ್ವಾನರ ಕಸುವು ಹೋಗತೈತಿ."

ನಾವು ಬರುವಾಗ ಬಯಲಿನಲ್ಲಿ ಕೂಲಿಯ ಹೆಂಗಸರು ಕೆಮ್ಮಣ್ಣು ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತು ಕಣಕ್ಕೆ ಸುರಿಯುತ್ತಿದ್ದರು. ನಾನು ಅತ್ತ ಕೈ ತೋರಿಸಿದೆ. "ಆ ಮಣ್ಣು ಹೊರಾಕತ್ತಾರಲ್ರಿ, ಅವರು ಯಾರ್ರೀ?"

"ಅದು ಕೆಲಸ. ಎಣ್ಣಿ, ಮಜ್ಜಿಗಿ, ಅರಿಷಿಣ ಬಿದ್ದು ಪೂಜಾ ಆತಂದ್ರ ಮಣ್ಣ ಬ್ಯಾರೆ."

"ಪೂಜಾ ಆದ ಮಣ್ಣಿಗೆ ಅಷ್ಟ ಶಕ್ತಿ ಇದ್ರ, ನಾ ನಿಂತ್ರ ಯಾಕ್ ಹೋಗತೈತ್ರಿ ಅದು?"

ಸಾವುಕಾರರು ಮಾಸ್ತರರ ಕಡೆ ತಿರುಗಿ, "ಈ ಹುಡುಗಿಗೆ ಮದಿವಿ ಆಗೇತೇನ್ರೀ?" ಎಂದರು. ಮಾಸ್ತರರು ಹಲ್ಲು ಕಿರಿದು, "ಇನ್ನೂ ಇಲ್ರಿ, ಬಾಯಿ ನೋಡ್ರಲ್ಲಾ" ಅಂದರು. ಇಬ್ಬರೂ ನಕ್ಕರು. ಚರ್ಚಾಸ್ಪರ್ಧೆಯಲ್ಲಿ ಉತ್ತರವಿಲ್ಲದವನು ಕುಳಿತುಕೊಳ್ಳುತ್ತಾನೆ. ಹೊರಗಿನ ಲೋಕದಲ್ಲಿ ಉತ್ತರವಿಲ್ಲದವನು ನಿನಗೆ ಮದುವೆಯಾಗಿದೆಯೇ ಎಂದು ಕೇಳುತ್ತಾನೆ.

ಹಾಗಾಗಿ ನನ್ನನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ನಿಲ್ಲಿಸಿದರು. ಕಣಕ್ಕೆ ಕಟ್ಟಿದ ಹಗ್ಗದ ಹೊರಗೆ ಅದನ್ನು ತಂದು ನಿಲ್ಲಿಸಿ, ಮೇಲೊಂದು ಟೇಬಲ್ಲು, ಮೈಕು, ನನ್ನ ಟೇಪ್ ಯಂತ್ರ. ಪವಿತ್ರ ಮಣ್ಣಿಗೂ ನನಗೂ ನಡುವೆ ಎರಡು ರಬ್ಬರಿನ ಗಾಲಿಗಳು ಇದ್ದವು. ಇಲ್ಲಿ ಅವರು ಒಂದು ತಪ್ಪು ಮಾಡಿದರು. ನನ್ನನ್ನು ಕಣದಿಂದ ದೂರವಿಡುವ ಆತುರದಲ್ಲಿ, ಇಡೀ ಬಯಲಿನಲ್ಲಿ ಕಣ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಜಾಗಕ್ಕೆ ಏರಿಸಿದ್ದರು. ತೀರ್ಪು ಕೊಡುವ ಪಂಚರು ಮೂವರು ಕೆಳಗೆ ಮಣ್ಣಿನಲ್ಲಿ, ವಸ್ತಾದರ, ಶಿಷ್ಯರ, ಹಲಗಿ ಬಾರಿಸುವವರ ಕಾಲುಗಳ ನಡುವೆ. ನಾನು ಮೇಲೆ, ನನ್ನ ಕಣ್ಣಿಗೂ ಕಣಕ್ಕೂ ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲ.

ಆ ಮೂವರು ಪಂಚರಲ್ಲಿ ಒಬ್ಬರು ಸಾವುಕಾರರ ಅಳಿಯ. ಇನ್ನೊಬ್ಬರು ಬನಹಟ್ಟಿಯ ಗರಡಿಯ ಮುದಿ ವಸ್ತಾದರು. ಮೂರನೆಯವರು ನಮ್ಮ ಮಾಸ್ತರರು.

ಮಧ್ಯಾಹ್ನದಿಂದ ಸಣ್ಣ ಜೋಡಿಗಳ ಕುಸ್ತಿಗಳು ನಡೆದವು. ದನಿ ಚೆನ್ನಾಗಿ ಏರಿತ್ತು. ಹಲಗಿಯ ಬಡಿತದ ಮೇಲೆ ಹತ್ತಿ ಮಾತಾಡುವುದು ನನಗೆ ಹೊಸದಲ್ಲವಲ್ಲ. ಸಾವುಕಾರರೇ ಒಮ್ಮೆ ಟ್ರೇಲರ್ ಕಡೆ ನೋಡಿ ಮೆಚ್ಚಿ ಕೈ ಬೀಸಿದರು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಜೋಡಿ. ಸಾವುಕಾರರ ಪೈಲ್ವಾನನ ಎದುರು ರನ್ನ ಬೆಳಗಲಿಯ ಒಬ್ಬ ರೈತರ ಮಗ. ಅವನ ಹೆಸರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬೇರೊಬ್ಬ ಪೈಲ್ವಾನ ಬರದೆ ಹೋದದ್ದಕ್ಕೆ ಜೋಡಿ ಹಚ್ಚಿದ್ದರು. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿ, ಒಬ್ಬರ ಮೈಗೊಬ್ಬರು ಮಣ್ಣು ಎರಚಿ ಕೈ ಕೊಟ್ಟರು.

ಸಾವುಕಾರರವನು ಭಾರದವನು. ಬೆಳಗಲಿಯವನನ್ನು ಕೆಳಗೆ ಹಾಕಿ ಮೇಲೆ ಕುಳಿತು ಸವಾರಿ ಮಾಡಿದ. ಬಹಳ ಹೊತ್ತು ಹಾಗೇ. ಬೆಳಗಲಿಯವನು ಹೊಟ್ಟೆಯ ಮೇಲೆ ಮಲಗಿ, ಮಣ್ಣು ಕಚ್ಚಿ, ಬೆನ್ನು ತಿರುಗಲು ಬಿಡಲಿಲ್ಲ. ಜನಕ್ಕೆ ಬೇಸರ ಬಂತು. ದೊಡ್ಡವನಿಗೂ ಬಂದಿರಬೇಕು. ಅವನು ಹಿಡಿತ ಬದಲಿಸಲು ಒಂದು ಕೈ ಬಿಟ್ಟ. ಬೆಳಗಲಿಯವನು ಎದ್ದ. ಎದ್ದವನೇ ದೊಡ್ಡವನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಕಾಲು ಅಡ್ಡ ಕೊಟ್ಟು, ಮೈ ತಿರುಗಿಸಿ ಎಳೆದ. ಢಾಕ್ ಅನ್ನುತ್ತಾರೆ ಆ ಪಟ್ಟಿಗೆ. ದೊಡ್ಡ ಪೈಲ್ವಾನ ಅಂಗಾತ ಬಿದ್ದ. ಎರಡೂ ಭುಜ, ಬೆನ್ನು, ಪೂರ್ತಿ ಮಣ್ಣಿಗೆ. ಬಿದ್ದ ರಭಸಕ್ಕೆ ಕೆಂಪು ಧೂಳು ಎರಡೂ ಪಕ್ಕಕ್ಕೆ ಎದ್ದಿತು. ಬೆಳಗಲಿಯವನು ಅವನ ಎದೆಯ ಮೇಲೆ ಇದ್ದ.

"ಚಿತ್!" ಎಂದೆ ನಾನು ಮೈಕಿನಲ್ಲಿ. "ಎರಡೂ ಭುಜ ಮಣ್ಣಿಗೆ ತಾಗಿವೆ. ಬೆಳಗಲಿಯ ಪೈಲ್ವಾನನಿಗೆ ಜಯ."

ಬಯಲು ಎದ್ದು ನಿಂತಿತು. ರುಮಾಲುಗಳು ಹಾರಿದವು, ಹಲಗಿಗಳು ಹುಚ್ಚೆದ್ದವು. ಬೆಳಗಲಿಯಿಂದ ಬಂದಿದ್ದ ನಾಲ್ಕಾರು ಜನ ಹಗ್ಗ ದಾಟಿ ಓಡಿದರು. ಆಮೇಲೆ ಸದ್ದು ಒಂದು ಕಡೆಯಿಂದ ಇಳಿಯುತ್ತ ಬಂತು, ಸಾವುಕಾರರ ಕುರ್ಚಿ ಇದ್ದ ಕಡೆಯಿಂದ. ಅವರು ಎದ್ದು ನಿಲ್ಲಲಿಲ್ಲ. ಮಿಲ್ಲಿನ ಚಿಮಣಿಯ ಕಡೆ ಮುಖ ಮಾಡಿ ಅಡಿಕೆ ಅಗಿಯುತ್ತ ಕುಳಿತರು. ಪೈಲ್ವಾನ ಎದ್ದು ಬೆನ್ನಿನ ಮಣ್ಣನ್ನು ಒಬ್ಬ ಶಿಷ್ಯನಿಂದ ಒರೆಸಿಸಿಕೊಳ್ಳುತ್ತಿದ್ದ. ಅದನ್ನೂ ನಾನು ಮೈಕಿನಲ್ಲಿ ಹೇಳಿದೆ: "ಬೆನ್ನಿನ ಮಣ್ಣು ಒರೆಸುತ್ತಿದ್ದಾರೆ."

ಕೆಳಗೆ ಪಂಚರು ತಲೆ ಕೂಡಿಸಿದರು. ಅಳಿಯ, "ಭುಜ ಒಂದಽ ತಾಗೇತಿ, ಬರೋಬರಿ" ಎಂದು ಕೈ ಎತ್ತಿದ. ಮುದಿ ವಸ್ತಾದರು ನೆಲಕ್ಕೆ ಉಗುಳಿ, "ಕಣ್ಣ ಅದಾವಲೇ ನನಗಿನ್ನೂ. ಚಿತ್ ಆಗೇತಿ" ಅಂದರು. ಇಬ್ಬರೂ ಮಾಸ್ತರರ ಕಡೆ ನೋಡಿದರು. ಮೇಲಿನಿಂದ ನಾನೂ ನೋಡಿದೆ. ಬರೋಬರಿ ಎಂದರೆ ಇಬ್ಬರೂ ಸಮ, ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ದೊಡ್ಡ ಪೈಲ್ವಾನ ಬಿದ್ದಾಗ ಅವನನ್ನು ಎತ್ತಿ ನಿಲ್ಲಿಸಲು ನಮ್ಮ ಕಡೆ ಇಟ್ಟುಕೊಂಡ ಮಾತು ಅದು. ಮಾಸ್ತರರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಕೈ ಎತ್ತಿದರು. ಅಳಿಯನ ಕಡೆಗೆ.

ಅಳಿಯ ಟ್ರೇಲರ್ ಹತ್ತಿರ ಬಂದ. "ಬರೋಬರಿ ಅಂತ ಹೇಳ್ರಿ ಮೈಕಿನ್ಯಾಗ."

"ಪಂಚರು ಬರೋಬರಿ ಅಂದಾರ ಅಂತ ಹೇಳತೇನಿ. ಬರೋಬರಿ ಆತಂತ ಹೇಳೂದಿಲ್ಲ."

"ಎರಡೂ ಒಂದಽ ಅಲ್ಲೇನ್ ಬೇ!"

"ಒಂದಽ ಇದ್ರ ನನ್ನ ಹಂಗಽ ಹೇಳಾಕ ಬಿಡ್ರಿ."

ಅವನಿಗೆ ಅದು ಹಿಡಿಸಲಿಲ್ಲ. ಯಾರೋ ವೈರು ಎಳೆದರು, ನನ್ನ ಮೈಕು ಸತ್ತಿತು. ಕೆಳಗಿನಿಂದ ಇನ್ನೊಂದು ಮೈಕು ಜೋಡಿಸಿದರು. ಅದರಲ್ಲಿ ಬಂದದ್ದು ಮಾಸ್ತರರ ದನಿ. "ಮಹಾಜನರೇ, ಕುಸ್ತಿ ಬರೋಬರಿ ಆಗೇತಿ. ಮೈಕಿನ ಮ್ಯಾಲಿನ ನಮ್ಮ ಹುಡುಗಿ ಜರಾ ಅವಸರ ಮಾಡಿದಳು. ದೂರ ನಿಂತಿದ್ದಳು, ಕಾಣಲಿಲ್ಲ. ತಮ್ಮ ಮಗಳಂತ ತಿಳಿದು ಕ್ಷಮಾ ಮಾಡ್ರಿ."

ಜನ ನಕ್ಕರು. ಐದು ನಿಮಿಷ ಮುಂಚೆ ರುಮಾಲು ಹಾರಿಸಿದ್ದ ಜನವೇ. ಕಣ್ಣಾರೆ ಕಂಡದ್ದನ್ನು ಇಷ್ಟು ಸಲೀಸಾಗಿ ವಾಪಸು ಕೊಟ್ಟುಬಿಡುವ ಜನರನ್ನು ನಾನು ಅದಕ್ಕೆ ಮೊದಲು ಒಟ್ಟಿಗೆ ಇಷ್ಟು ಸಂಖ್ಯೆಯಲ್ಲಿ ನೋಡಿರಲಿಲ್ಲ. ಸತ್ತ ಮೈಕಿಗೆ ಸುತ್ತಿದ್ದ ನನ್ನ ಕರವಸ್ತ್ರ ಬಿಚ್ಚಿಕೊಂಡೆ. ಕೆಳಗೆ ಒಬ್ಬ ತನ್ನ ಗೆಳೆಯನಿಗೆ ನನಗೆ ಕೇಳಲೆಂದೇ ಹೇಳಿದ: "ಹೊರಗಾಗಿ ಬಂದಾಳಲೇ ಇಕಿ. ಅದಕ್ಕಽ ಪೈಲ್ವಾನನ ಕಾಲ ಜಾರಿದ್ದು." ತಮಾಷೆ ನೋಡಿ: ಪೈಲ್ವಾನ ಬೀಳಲೇ ಇಲ್ಲ, ಆದರೆ ನನ್ನಿಂದಾಗಿ ಬಿದ್ದ. ಒಂದೇ ಬಯಲಿನಲ್ಲಿ, ಒಂದೇ ಜನ, ಒಂದೇ ಹೊತ್ತಿಗೆ ಈ ಎರಡನ್ನೂ ನಂಬಿದರು. ಮಾಸ್ತರರು ಅವನ ಮಾತು ಕೇಳುವಷ್ಟು ಹತ್ತಿರದಲ್ಲೇ ಇದ್ದರು. ವೈರು ಸುತ್ತುತ್ತಿದ್ದರು.

ನಾನು ಇಳಿದ ಮೇಲೆ ಟ್ರೇಲರಿಗೆ ಗೋಮೂತ್ರ ಚಿಮುಕಿಸಿದರು. ಕಣಕ್ಕಲ್ಲ, ಅಲ್ಲಿ ನಾನು ಕಾಲಿಟ್ಟಿರಲಿಲ್ಲವಲ್ಲ, ಟ್ರೇಲರಿಗೆ. ಅದರ ಮೂಲೆಗಳಲ್ಲಿ ಇನ್ನೂ ತಿಪ್ಪೆಗೊಬ್ಬರ ಅಂಟಿಕೊಂಡಿತ್ತು.

ಟೇಪ್ ನನ್ನ ಬಳಿ ಇತ್ತು. ಮೈಕಿನ ವೈರು ಎಳೆದವರಿಗೆ, ಯಂತ್ರ ಬ್ಯಾಟರಿಯ ಮೇಲೆ ತನ್ನ ಪಾಡಿಗೆ ತಾನು ತಿರುಗುತ್ತಿದೆ ಎಂಬುದು ಹೊಳೆದಿರಲಿಲ್ಲ. ನನ್ನ "ಚಿತ್", ಹಲಗಿ, ಜನರ ಕೂಗು, ಕೊನೆಗೆ ದೂರದಿಂದ ಮಾಸ್ತರರ ಕ್ಷಮಾಪಣೆ, ಎಲ್ಲ ಅದರಲ್ಲಿತ್ತು. ರೇಡಿಯೋ ಕೇಂದ್ರಕ್ಕೆ ಒಯ್ದೆ. ಅಧಿಕಾರಿ ಪೂರ್ತಿ ಕೇಳಿದರು. "ವಿವರಣೆ ಬಹಳ ಚೆನ್ನಾಗಿದೆ" ಅಂದರು. ನನ್ನ ಎದೆ ಹಗುರಾಯಿತು. "ಆದರೆ ಪಂಚರ ತೀರ್ಪೇ ತೀರ್ಪು ಅಲ್ಲವಾ. ನೀವು ಅದರ ವಿರುದ್ಧ ಹೇಳಿದ್ದೀರಿ."

"ತೀರ್ಪು ಬರೂಕಿಂತ ಮೊದಲ ಹೇಳೇನಿ ಸರ್. ಕಂಡಾಗ ಹೇಳೇನಿ. ವಿವರಣಾ ಅಂದ್ರ ಅದಽ ಅಲ್ಲೇನ್ರಿ?"

"ವಾದ ಬೇಡ. ಅಲ್ಲಿನ ದೊಡ್ಡವರಿಂದ ಫೋನ್ ಬಂದಿತ್ತು."

ಕಾರ್ಯಕ್ರಮ ಪ್ರಸಾರವಾಯಿತು. ಮನೆಯಲ್ಲಿ ಎಲ್ಲರೂ ರೇಡಿಯೋ ಸುತ್ತ ಕುಳಿತೆವು. ಪಕ್ಕದವರು ಮಗ್ಗ ನಿಲ್ಲಿಸಿದ್ದರು, ಅಷ್ಟು ಅಭಿಮಾನ. ನನ್ನ ದನಿ ಬೆಳಗಲಿಯವನು ಎದ್ದು ನಿಂತಲ್ಲಿಗೆ ಕಡಿದುಹೋಯಿತು. ಆ ಮೇಲೆ ನಾನು ಕೇಳಿರದ ಒಬ್ಬ ಗಂಡಸಿನ ದನಿ, ನೀರಿನಂಥ ಗ್ರಾಂಥಿಕ ಕನ್ನಡದಲ್ಲಿ, ರೋಮಾಂಚಕ ಸೆಣಸಾಟ ಸಮಬಲದಲ್ಲಿ ಮುಕ್ತಾಯಗೊಂಡಿತು ಎಂದಿತು. ಅದರ ಹಿಂದೆ ನಾನು ರೆಕಾರ್ಡ್ ಮಾಡಿದ ಹಲಗಿಯನ್ನೇ ಬಳಸಿದ್ದರು. ಬೆಳಗಲಿಯವನು ಗೆದ್ದಾಗ ಬಾರಿಸಿದ ಹಲಗಿ. ಮಿಲ್ಲಿನ ಹೆಸರು ಸ್ಪಷ್ಟವಾಗಿ ಬಂತು.

ಅಪ್ಪ ರೇಡಿಯೋ ಬಂದ್ ಮಾಡಿದರು. ಅವ್ವ, "ಹೋಗ್ಲಿ ಬಿಡು, ನಿನ್ನ ದನಿ ಛಲೋ ಬಂತು" ಅಂದಳು.

"ಅರ್ಧ ಬಂತು."

"ಅರ್ಧನರ ಬಂತಲ್ಲ. ಮೈಮ್ಯಾಲ ಏನ್ ಬಿತ್ತು ನಿನಗ, ಅವ ಗೆದ್ರೇನು, ಇವ ಗೆದ್ರೇನು? ಅವರ್ಯಾರಾರ ನಿನ್ನ ಕಾಕಾನೋ, ಮಾಮಾನೋ?"

ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಪೈಲ್ವಾನರು ನನಗೇನೂ ಆಗಬೇಕಿಲ್ಲ. ನನ್ನ ಬಾಯಿ ನನಗೆ ಆಗಬೇಕು. ಕಂಡದ್ದನ್ನು ಹೇಳಲು ಬಿಡದಿದ್ದರೆ ವೀಕ್ಷಕ ವಿವರಣೆಗೂ ಉಪ್ಪಿನಕಾಯಿಯ ವಿಧಾನಕ್ಕೂ ನನಗೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಉಪ್ಪಿನಕಾಯಿಯಲ್ಲಾದರೂ ಉಪ್ಪು ಎಷ್ಟೆಂದು ನಿಜ ಹೇಳುತ್ತಾರೆ.

ಕ್ರೀಡಾ ವಿಭಾಗದ ಮಾತು ಅಲ್ಲಿಗೇ ನಿಂತಿತು. ಕೆಲವು ತಿಂಗಳ ಮೇಲೆ ಮುಧೋಳದ ಬಸ್ ನಿಲ್ದಾಣದಲ್ಲಿ ಬೆಳಗಲಿಯ ಪೈಲ್ವಾನ ಸಿಕ್ಕ. ಪ್ಯಾಂಟು ಅಂಗಿಯಲ್ಲಿ ಮೊದಲು ಗುರುತು ಸಿಗಲಿಲ್ಲ. ಅವನಾಗಿ ಬಂದು ನಮಸ್ಕಾರ ಮಾಡಿದ. ಅನ್ಯಾಯವಾಯಿತು, ನಾನಾದರೂ ಹೇಳಿದೆ ಎಂಬ ಹೆಮ್ಮೆ ನನ್ನ ಮುಖದಲ್ಲಿ ಇದ್ದಿರಬೇಕು. ಅವನು ಅದಕ್ಕೆ ಸೊಪ್ಪು ಹಾಕಲಿಲ್ಲ.

"ನೀವ್ ಸುಮ್ನ ಇದ್ರ ಛಲೋ ಇತ್ರಿ ಅಕ್ಕಾರ."

"ಯಾಕ?"

"ಅಂಥಾವನ ಜೋಡಿ ಬರೋಬರಿ ಆದ್ನಂದ್ರ ನನಗ ಅದಽ ದೊಡ್ಡದಿತ್ತು. ಮುಂದಿನ ಮೈದಾನಕ್ಕ ಕರೀತಿದ್ರು. ನೀವು ಮೈಕಿನ್ಯಾಗ ಚಿತ್ ಅಂದ್ರಿ, ಸಾವುಕಾರ್ರ ಹೆಸರ ಹ್ವಾತು. ಈಗ ಈ ಕಡೆ ಯಾರೂ ನನ್ನ ಜೋಡಿ ಹಚ್ಚವಲ್ರು."

"ನೀ ಗೆದ್ದದ್ದು ಖರೆ ಹೌದಲ್ಲೋ?"

"ನಂಗ ಗೊತ್ತಿಲ್ಲೇನ್ರಿ, ಗೆದ್ದದ್ದು?" ಎಂದ. ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು. ಬಸ್ಸು ಬಂತು, ಹತ್ತಿದ. ನಾನು ವೇದಿಕೆಗಳ ಮೇಲೆ ಎಷ್ಟೋ ವಾದಗಳನ್ನು ಮುರಿದಿದ್ದೇನೆ. ಇವನದನ್ನು ಮುರಿಯಲು ಕೀಲೇ ಸಿಗಲಿಲ್ಲ. ಆದರೂ ಅವನು ಹೇಳಿದ್ದು ಸರಿ ಎಂದು ನಾನು ಒಪ್ಪುವುದಿಲ್ಲ. ಗೆದ್ದವನು ಸಮವೆಂದು ಕರೆಸಿಕೊಂಡರೆ ಭಾಗ್ಯ ಎಂದುಕೊಳ್ಳುವ ಹಾಗೆ ಮಾಡಿದವರು ಯಾರು ಎಂಬುದು ಉಳಿಯುತ್ತದಲ್ಲ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಆ ಅಧಿಕಾರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ನನಗೆ ಹುಡುಗಿಯರ ಖೋಖೋ ಕೊಟ್ಟರು, ಅದನ್ನು ಗಂಡಸರು ಯಾರೂ ಬೇಡುತ್ತಿರಲಿಲ್ಲ. "ದನಿ ಸ್ವಲ್ಪ ಮಧುರ ಇರಲಿ" ಎಂದು ಪ್ರತಿ ಸಲ ಸೂಚನೆ. ಒಮ್ಮೆ ರಾಜ್ಯಮಟ್ಟದ ಕಬಡ್ಡಿಗೆ ಬರಬೇಕಿದ್ದ ವಿವರಣೆಗಾರ ಬರಲಿಲ್ಲ; ಹೈಸ್ಕೂಲಿನಲ್ಲಿ ಆದ ಹಾಗೆಯೇ, ಪಕ್ಕದಲ್ಲಿ ನಾನು ಕುಳಿತಿದ್ದೆ. ಮಧುರವಾಗಿರಲು ಪುರುಸೊತ್ತಿರಲಿಲ್ಲ. ಕೇಳಿದವರು ಪತ್ರ ಬರೆದರು, ಅವಕಾಶ ಮತ್ತೆ ಬಂತು, ಈಗ ಅದೇ ನನ್ನ ಕೆಲಸ. ಪರರಾಜ್ಯಗಳಿಗೂ ಕಳಿಸುತ್ತಾರೆ. ಅಂಪೈರ್ ತಪ್ಪಿದಾಗ "ಅಂಪೈರ್ ತೀರ್ಪು ಹೀಗೆ, ನನಗೆ ಕಂಡದ್ದು ಹೀಗೆ" ಎಂದು ಎರಡನ್ನೂ ಹೇಳುತ್ತೇನೆ. ಕೆಲವರಿಗೆ ಅದು ಅಹಂಕಾರ.

ಹೆಸರು ಬಂದ ಮೇಲೆ ಊರು ಸತ್ಕಾರಕ್ಕೆ ಕರೆಯಿತು. ಮೊನ್ನೆ ಬನಹಟ್ಟಿಯ ಕಲ್ಯಾಣ ಮಂಟಪದಲ್ಲಿ ಆದದ್ದು ಎಷ್ಟನೆಯದೋ. ಈ ಸಲ ಅಧ್ಯಕ್ಷತೆ ಆ ಸಾವುಕಾರರದೇ. ವಯಸ್ಸಾಗಿದೆ, ಅಡಿಕೆ ಬಿಟ್ಟಿಲ್ಲ. ನನಗೆ ಹೊದಿಸಿದ ಶಾಲಿನಿಂದ ನುಸಿಗುಳಿಗೆಯ ವಾಸನೆಯೂ ಅದರ ಕೆಳಗೆ ಇನ್ಯಾರದೋ ಬೆವರಿನ ವಾಸನೆಯೂ ಬರುತ್ತಿತ್ತು. ಒಂದೇ ಶಾಲು ಎಷ್ಟು ಜನರ ಹೆಗಲೇರಿ ಇಳಿದಿತ್ತೋ. "ನಮ್ಮ ಮೈದಾನದಾಗಽ ಈಕಿ ಮೊದಲ ಮೈಕ್ ಹಿಡದದ್ದು" ಎಂದರು ಸಾವುಕಾರರು. ಗೋಮೂತ್ರದ ಬಗ್ಗೆ ಏನೂ ಹೇಳಲಿಲ್ಲ.

ಆಮೇಲೆ ಮಾಸ್ತರರು ಎದ್ದರು. ನಿವೃತ್ತರಾಗಿದ್ದಾರೆ, ದನಿ ಇನ್ನೂ ಗಟ್ಟಿ. ಬಸ್ ನಿಲ್ದಾಣದ ಶನಿವಾರಗಳನ್ನು ಅವರು ಬಣ್ಣಿಸಿದ ಬಗೆಗೆ ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಹೇಳುವುದಿಲ್ಲ. ಹಿಂದೆಯೇ ಅದೂ ಬಂತು: "ಮುಧೋಳದಾಗ ಒಂದ್ ಸಣ್ಣ ತಪ್ಪ ಮಾಡಿದಳು. ಹುಡುಗಿ, ದೂರ ನಿಂತಿದ್ದಳು. ಸಾವುಕಾರ್ರು ದೊಡ್ಡವರು, ಹೊಟ್ಟ್ಯಾಗ ಹಾಕ್ಕೊಂಡ್ರು." ಚಪ್ಪಾಳೆ. ನನ್ನ ಕಣ್ಣು ಒಣಗಿತು. ಮುಂದಿನ ಸಾಲಿನಲ್ಲಿ ಮಾಸ್ತರರು ಈಗ ಕಲಿಸುತ್ತಿರುವ ಹುಡುಗಿ ಕುಳಿತಿದ್ದಳು, ಎರಡು ಜಡೆ, ಕಾಲೇಜಿನ ಮೊದಲ ವರ್ಷ. ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಇಷ್ಟು ವರ್ಷ ಈ ಕಥೆ ಕೇಳಿಯೂ ಸುಮ್ಮನಿದ್ದೆ, ಗುರುಗಳೆಂದು. ಅವಳ ಚಪ್ಪಾಳೆ ನೋಡಿದ ಮೇಲೆ ಸುಮ್ಮನಿರುವುದು ಆಗಲಿಲ್ಲ. ನಾಳೆ ಅವಳೂ ಎಲ್ಲೋ ಮೈಕು ಹಿಡಿದು ಏನನ್ನೋ ಕಾಣುತ್ತಾಳೆ. ಕಂಡದ್ದು ತಪ್ಪು ಎಂದು ಅವಳಿಗೆ ಈಗಲೇ ಹೇಳಿಕೊಟ್ಟಾಗಿತ್ತು.

ಊಟದ ಹೊತ್ತಿಗೆ ಮಾಸ್ತರರು ಮಂಟಪದ ಹಿಂದಿನ ಕಟ್ಟೆಯ ಮೇಲೆ ತಟ್ಟೆ ಹಿಡಿದು ಒಬ್ಬರೇ ಕುಳಿತಿದ್ದರು. ನಾನು ಪಕ್ಕಕ್ಕೆ ಹೋದೆ.

"ಬಾ ಬಾ. ಶಿರಾ ತಿಂದಿಯೇನು? ತುಪ್ಪ ಬರೋಬ್ಬರಿ ಹಾಕ್ಯಾರ."

"ಸರ್, ಆ ಕುಸ್ತಿ ಮಾತ ಯಾಕ ತೆಗದ್ರಿ?"

"ಅಯ್ಯ, ಅದೇನ್ ಮನಸಿಗೆ ಹಚಗೋತಿ. ಸಭಾದಾಗ ಸಾವುಕಾರ್ರು ಕುಂತಿದ್ರು. ಅವರಿಗೂ ಒಂದ್ ಮಾತ ಸಿಹಿ ಹೇಳಬೇಕಲ್ಲ."

"ನಾ ದೂರ ನಿಂತಿರಲಿಲ್ಲ ಸರ್. ಮ್ಯಾಲ ನಿಂತಿದ್ದೆ."

ಅವರು ಶಿರಾ ಒಂದು ತುತ್ತು ತಿಂದರು. "ನೀ ಈಗ ಎಲ್ಲಿ ಮುಟ್ಟೀದಿ ನೋಡು. ಅದನ್ನೆಲ್ಲಾ ಇನ್ನ ಯಾಕ ಕೆದರ್ತಿ?"

"ನಾ ಎಲ್ಲಿ ಮುಟ್ಟೇನಂತ ಅಲ್ರಿ ಮಾತು."

"ಮತ್ತೇನ್ ಬೇ ನಿಂದು? ಹೇಳಿ ಮುಗಸು, ಶಿರಾ ಆರತೈತಿ."

ಒಳಗಿನಿಂದ ಎರಡು ಜಡೆಯ ಹುಡುಗಿ ನೀರಿನ ಲೋಟ ತಂದು ಅವರ ಪಕ್ಕದಲ್ಲಿಟ್ಟು, ನನ್ನನ್ನು ನೋಡಿ ನಾಚಿ, ಹೋಗದೆ ಅಲ್ಲೇ ನಿಂತಳು. ನಾನು ಅವಳನ್ನು ಕಳಿಸಲಿಲ್ಲ.

"ಸರ್, ಅಳಿಯ ಕೈ ಎತ್ತಿದ್ದು ನನಗ ತಿಳೀತೈತಿ, ಅವನ ಮಾವನ ಪೈಲ್ವಾನ. ಆದ್ರ ಸಾವುಕಾರ್ರು ನಿಮ್ಮ ಕಡೆ ತಿರುಗಿ ಸೈತ ನೋಡಿರಲಿಲ್ಲ. ನಿಮಗ ಯಾರೂ ಒಂದ್ ಮಾತ ಹೇಳಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ನಾ ಮ್ಯಾಲಿಂದ ನಿಮ್ಮನ್ನಽ ನೋಡಾಕತ್ತಿದ್ದೆ. ಹಂಗಿದ್ದೂ ನೀವು ಕೈ ಯಾಕ ಎತ್ತಿದ್ರಿ?"